ಗೋಡೆಯ ಬಳ್ಳಿ ಕಿತ್ತ ಭಾನುವಾರ

ನಾನು ಕೆಲಸ ಮಾಡುವ ಕೊರಿಯರ್ ಕಚೇರಿಯಲ್ಲಿ ಇಡೀ ದಿನ ಅಂಟುಟೇಪು ಹರಿಯುವ ಸದ್ದು. ಆ ಸದ್ದಿನ ನಡುವೆ ಶನಿವಾರ ಅತ್ತೆಯ ಫೋನು ಬಂತು. "ನಾಳೆ ಎಲ್ಲೂ ಹೋಗ್ಬೇಡ. ಗೋಡೇಲಿರೋ ಬೆಳ್ಳಿ ಎಲ್ಲಾ ತೆಗೀಬೇಕು. ಯಾರಿಗೂ ಹೇಳ್ಬೇಡ." ನನ್ನ ಕಿವಿಗೆ ಕೇಳಿಸಿದ್ದು ಹೀಗೆ.

ಗೋಡೆಯಲ್ಲಿ ಬೆಳ್ಳಿ! ತಿಂಗಳ ಅರ್ಧಕ್ಕೇ ಸಂಬಳ ಮುಗಿಸಿ ಹಲ್ಲು ಗಿಂಜುವವನಿಗೆ ಇದಕ್ಕಿಂತ ಇಂಪಾದ ಸುದ್ದಿ ಬೇಕೆ? ಹಳೇ ಮನೆ, ಒಂಟಿ ಹೆಂಗಸು, ಗೋಡೆಯೊಳಗೆ ಬಚ್ಚಿಟ್ಟ ಗಂಟು, ನಂಬಿಕಸ್ಥ ಸೋದರಳಿಯ. ಎಲ್ಲ ಸರಿಯಾಗಿ ಕೂತಿತು. ಸಂಜೆ ಬರುವಾಗ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಕೊಕ್ಕೆ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡೇ ಬಂದೆ.

ಬೆಳಿಗ್ಗೆ ಅತ್ತೆ ಮನೆಯ ಪಕ್ಕದ ಓಣಿಯಲ್ಲಿ ಏಣಿ ಹಿಡಿದು ನಿಂತಿದ್ದಳು.

"ಇದ್ಯಾಕೋ ತಕ್ಕಡಿ?"

"ಬೆಳ್ಳಿ ತೂಗೋಕೆ."

"ಯಾವ ಬೆಳ್ಳಿ?"

"ಗೋಡೇಲಿರೋದು..."

ಅತ್ತೆ ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ನೆಲದಿಂದ ಸೂರಿನವರೆಗೆ ಸೂಜಿ ಊರುವಷ್ಟೂ ಜಾಗ ಬಿಡದೆ ಹಬ್ಬಿದ ಹಸಿರು.

"ಬಳ್ಳಿ ಅಂದೆ ಕಣೋ, ಕಿವುಡ. ಬೆಳ್ಳಿ ಇದ್ದಿದ್ರೆ ನಿನ್ನನ್ನ ಯಾಕೆ ಕರೀತಿದ್ದೆ?"

ನ್ಯಾಯವಾದ ಮಾತು. ತಕ್ಕಡಿಯನ್ನು ಒಳಗಿಟ್ಟು ಬಂದೆ.

ಈ ಅತ್ತೆ ನನ್ನ ಅಪ್ಪನ ತಂಗಿ. ಬೀದಿಯಲ್ಲಿ ಅವಳ ಹೆಸರು ಅರ್ಧಿಂಚಮ್ಮ. ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು, ಉದ್ದ ಕಡಿಮೆ ಮಾಡುವುದು ಅವಳ ಕಸುಬು. ಯಾರು ಬಂದರೂ, "ಒಳಗಡೆ ಅರ್ಧ ಇಂಚು ಬಿಟ್ಟಿರ್ತೀನಿ, ನೀವೇನು ಹೀಗೇ ಇರ್ತೀರಾ?" ಎಂದು ಅವರ ಹೊಟ್ಟೆಯನ್ನೇ ನೋಡುತ್ತಾ ಹೇಳುತ್ತಾಳೆ. ಗಂಡ ಒಂದು ಬೆಳಿಗ್ಗೆ ಅವಳೇ ಹೊಲಿದ ಹೊಸ ಪ್ಯಾಂಟು ತೊಟ್ಟು ಹೋದವನು ಮರಳಲಿಲ್ಲ. ಆ ವಿಷಯದಲ್ಲಿ ಅವಳ ಹೇಳಿಕೆ ಇಷ್ಟೇ: "ಪ್ಯಾಂಟು ಚೆನ್ನಾಗಿ ಕೂತಿತ್ತು." ಆಮೇಲೆ ಒಬ್ಬಳೇ ಹೊಲಿದೂ ಹೊಲಿದೂ ಈ ಮನೆ ಕೊಂಡಳು. ಕೆಳಗೆ ಅಂಗಡಿ, ಅದರ ಹಿಂದೆ ಅವಳ ಮಂಚ. ಮೇಲೊಂದು ಕೋಣೆ, ಅದರಲ್ಲಿ ಬಾಡಿಗೆ ಕೊಡದ ನಾನು. ಅಂಗಡಿಗೆ ನುಗ್ಗಿದ ಕಳ್ಳನನ್ನು ಕತ್ತರಿ ಹಿಡಿದು ಬಸ್ ನಿಲ್ದಾಣದವರೆಗೂ ಅಟ್ಟಿಸಿಕೊಂಡು ಹೋದವಳು ಅವಳು. ಹಲ್ಲಿ ಕಂಡರೆ ಮಂಚ ಹತ್ತಿ ನಿಲ್ಲುವವನು ನಾನು.

ಬಳ್ಳಿ ತೆಗೆಯಬೇಕಾಗಿ ಬಂದದ್ದು ಪಕ್ಕದ ಬೀದಿಯಲ್ಲಾದ ಅನಾಹುತದಿಂದ. ಹಿಂದಿನ ವಾರ ಅಲ್ಲೊಂದು ಹಳೇ ಮನೆಯ ಗೋಡೆ ಹಾಡುಹಗಲೇ ಕುಸಿದಿತ್ತು. ನಾನೂ ಎಲ್ಲರ ಹಾಗೆ ಬಾಯಿ ಬಿಟ್ಟುಕೊಂಡು ನೋಡಲು ಹೋಗಿದ್ದೆ. ಮೇಲ್ಮಹಡಿಯ ಬಚ್ಚಲುಮನೆ ಬೀದಿಗೆ ತೆರೆದುಕೊಂಡು ನಿಂತಿತ್ತು; ಮೊಳೆಯ ಮೇಲಿನ ಟವೆಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಇಸ್ತ್ರಿ ಮಾಡುತ್ತಿದ್ದವನನ್ನು ಹೊರಗೆಳೆದಾಗ ಉಸಿರಿರಲಿಲ್ಲ. ಅಂದಿನಿಂದ ನಗರಸಭೆಯ ಎಂಜಿನಿಯರೊಬ್ಬರು ಹಳೇ ಮನೆಗಳ ಗೋಡೆ ಬಡಿದು ನೋಡುತ್ತಾ ತಿರುಗುತ್ತಿದ್ದರು. ನಮ್ಮ ಗೋಡೆಯ ಮುಂದೆ ನಿಂತು, "ಗೋಡೆ ಎಲ್ಲಮ್ಮಾ ಇದೆ ಇದರಲ್ಲಿ? ಬಳ್ಳಿ ತೆಗೆಸಿ. ಸೋಮವಾರ ಬರ್ತೀನಿ. ಗೋಡೆ ಕೆಟ್ಟಿದ್ರೆ ಮನೆ ಖಾಲಿ ಮಾಡ್ಬೇಕಾಗುತ್ತೆ" ಎಂದಿದ್ದರಂತೆ. ನಾನು ತಕ್ಕಡಿ ಇಟ್ಟು ಬಂದ ಮೇಲೆ ಅತ್ತೆ ಇದನ್ನು ಹೇಳಿದಾಗ ಅವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. ಅದಕ್ಕೇ ದನಿ ಹಾಗಿದೆ ಅಂದುಕೊಂಡೆ.

ಬುಡದಲ್ಲಿ ಮುಂಗೈ ದಪ್ಪದ ಕಾಂಡ. ಅದನ್ನು ಗರಗಸದಲ್ಲಿ ಕೊಯ್ದು ಮೇಲಿನದನ್ನು ಎಳೆಯತೊಡಗಿದೆ. ಬಳ್ಳಿ ಸುಮ್ಮನೆ ಬರುವ ಜಾತಿಯಲ್ಲ. ಒಂದೊಂದು ಎಳೆಗೂ ಜರಿಹುಳದ ಕಾಲಿನಂಥ ಬೇರುಗಳು ಗಾರೆಯನ್ನು ಕಚ್ಚಿಕೊಂಡಿದ್ದವು. ಎಳೆದರೆ ಚರಚರ ಎಂದು ಗಾರೆಯ ಸಿಪ್ಪೆಯನ್ನೂ ಕಿತ್ತುಕೊಂಡೇ ಬರುತ್ತಿತ್ತು. ಕಣ್ಣಿಗೆ ಧೂಳು, ಕಾಲರಿನೊಳಗೆ ಜೇಡ. ಎರಡು ಸಲ ಕಿರುಚಿದೆ. ಎರಡೂ ಸಲ ಅದು ಎಲೆ.

ವಿಚಿತ್ರವೆಂದರೆ ಅತ್ತೆ ನನ್ನನ್ನು ಗೋಡೆಯ ಅಂಚಿನಲ್ಲೇ ಸುತ್ತಾಡಿಸುತ್ತಿದ್ದಳು. ಎಡತುದಿ ಆಯಿತು, ಬಲತುದಿ ಆಯಿತು. ನಡುವಿಗೆ ಕೈ ಹಾಕಿದರೆ, "ಅಲ್ಲಿ ಬೇಡ, ಹಕ್ಕಿ ಗೂಡಿದೆ."

"ಎಲ್ಲಿ?"

"ಇದೆ ಅಂದ್ನಲ್ಲ. ಬಾ, ಕಾಫಿ ಕುಡಿ."

ಬಾಯಿಬಿಟ್ಟು ಕೇಳಿದರೂ ಕಾಫಿ ಕೊಡದವಳು ಆ ಬೆಳಿಗ್ಗೆ ಮೂರು ಸಲ ಕುಡಿಸಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಕಾಫಿ ಚೆನ್ನಾಗಿತ್ತು.

ಕೊನೆಗೆ ಉಳಿದದ್ದು ನಡುಭಾಗವೊಂದೇ. ಗೂಡೂ ಇರಲಿಲ್ಲ, ಹಕ್ಕಿಯೂ ಇರಲಿಲ್ಲ. ಏಣಿ ಒರಗಿಸಿ ಹತ್ತಿದೆ. ಅತ್ತೆ ಬುಡ ಹಿಡಿದುಕೊಂಡಳು. ಒಂದು ಹಿಡಿ ಎಳೆದೆ. ಗೋಡೆಯ ಮೇಲೆ ಕೂದಲೆಳೆಯಂಥ ಗೆರೆ ಕಂಡಿತು. ಇನ್ನೊಂದು ಮೆಟ್ಟಿಲು ಹತ್ತಿ ಎಳೆದೆ. ಗೆರೆಯೊಳಗೆ ಉಗುರು ಹೋಯಿತು. ಮತ್ತೊಂದು ಮೆಟ್ಟಿಲು, ಬೆರಳು ಹೋಯಿತು. ನಿಲ್ಲಿಸಬೇಕು ಅನಿಸಿತು, ಆದರೆ ಕೈ ನಿಲ್ಲಲಿಲ್ಲ. ಹೆದರಿದವನ ಕೈಗೆ ಬೇರೆಯದೇ ಬುದ್ಧಿ. ಸೂರಿನ ಹತ್ತಿರದ ಕೊನೆಯ ಗೊಂಚಲನ್ನು ಜಗ್ಗಿದಾಗ ಅದು ಒಂದು ಇಟ್ಟಿಗೆಯ ಚೂರಿನ ಸಮೇತ ಬಂತು. ಆ ಸಂದಿಯಲ್ಲಿ ಹಳದಿ ಹೂವು ಕಂಡಿತು.

ಗೋಡೆಯೊಳಗೆ ಹೂವೆಲ್ಲಿಂದ ಬಂತು ಎಂದು ಕಣ್ಣಿಟ್ಟು ನೋಡಿದೆ. ಬಟ್ಟೆಯ ಹೂವು. ನನ್ನ ಕೋಣೆಯ ಪರದೆ. ಕಿಟಕಿಯೇ ಇಲ್ಲದ ಆ ಗೋಡೆಗೆ ನಾನು ಬರುವ ಮೊದಲೇ ಅತ್ತೆ ಉದ್ದಕ್ಕೂ ಒಂದು ಪರದೆ ಹೊಲಿದು ಹಾಕಿದ್ದಳು. "ಕಿಟಕಿ ಇಲ್ದೆ ಪರದೆ ಯಾಕತ್ತೆ?" ಎಂದು ಒಮ್ಮೆ ಕೇಳಿದ್ದೆ. "ಅಂದಕ್ಕೆ" ಎಂದಿದ್ದಳು. ಆ ಪರದೆಗೆ ತಲೆ ಹಾಕಿ ನಾನು ಎರಡು ವರ್ಷದಿಂದ ಮಲಗುತ್ತಿದ್ದೆ. ರಾತ್ರಿ ಅದರ ಹಿಂದಿನಿಂದ ಕತ್ತಿಗೆ ತಣ್ಣನೆ ಗಾಳಿ ಸೋಕುತ್ತಿತ್ತು.

ಆಗ ಮುಖ್ಯ ರಸ್ತೆಯಲ್ಲಿ ಬಸ್ಸೊಂದು ಹೋಯಿತು. ಏಣಿಯ ಒಂದು ತುದಿ ಬಿರುಕಿನ ಈಚೆ, ಇನ್ನೊಂದು ಆಚೆ ಒರಗಿತ್ತು. ಈಚೆಯದು ಅಲುಗಲಿಲ್ಲ. ಆಚೆಯದು ಅಲುಗಿತು. ಬಿರುಕಿನಿಂದ ಮಣ್ಣು ಸಣ್ಣಗೆ, ಜರಡಿ ಹಿಡಿದ ಹಿಟ್ಟಿನ ಹಾಗೆ, ನನ್ನ ಕೈಮೇಲೆ ಉದುರಿತು. ಒದ್ದೆ ಟವೆಲು ನೆನಪಾಯಿತು. ಎರಡೂ ಕೈಯಿಂದ ಏಣಿಯನ್ನು ತಬ್ಬಿಕೊಂಡೆ.

"ಇಳಿಯೋ" ಎಂದಳು ಅತ್ತೆ. ಕೂಗಲಿಲ್ಲ, ಮಲಗಿದ ಮಗುವಿನ ಪಕ್ಕ ಮಾತಾಡುವ ಹಾಗೆ ಪಿಸುಗುಟ್ಟಿದಳು. ಗೋಡೆಗೆ ಕೇಳಿಸೀತು ಎಂಬ ಹಾಗೆ.

"ಆಗ್ತಿಲ್ಲ ಅತ್ತೆ."

"ಗೋಡೆ ನೋಡ್ಬೇಡ. ನನ್ನ ನೋಡು. ಎಡಗಾಲು ಬಿಡು. ಹಾಂ. ಎಡಗಾಲು ಅಂದೆ, ಅದು ಬಲಗಾಲು ಕಣೋ ಬೃಹಸ್ಪತಿ."

ಅವಳು ಏಣಿ ಬಿಟ್ಟು ದೂರ ಓಡಬಹುದಿತ್ತು. ಗೋಡೆ ಬಂದರೆ ಮೊದಲು ಬರುವುದು ಅವಳ ತಲೆಯ ಮೇಲೆ. ಬಿಡಲಿಲ್ಲ. ಆದರೆ ಏಣಿ ಅಷ್ಟು ನಡುಗುತ್ತಿದ್ದುದು ನನ್ನ ಕಾಲಿನಿಂದ ಮಾತ್ರವಲ್ಲ ಎಂದು ಕೆಳಗಿಳಿದ ಮೇಲೆ ಅವಳ ಕೈ ನೋಡಿ ತಿಳಿಯಿತು. ಕಣ್ಣುಮುಚ್ಚಿ ಸೂಜಿಗೆ ದಾರ ಪೋಣಿಸುವ ಕೈ ಅದು.

ನಾನು ಎದುರಿನ ಜಗಲಿಯ ಮೇಲೆ ಕುಸಿದು ಕೂತೆ. ಅತ್ತೆ ನೆಲದಲ್ಲಿ ಬಿದ್ದಿದ್ದ ಬಳ್ಳಿಯನ್ನು ಬಾಚಿಕೊಂಡು ಗೋಡೆಗೆ ಹೋದಳು. ಒಂದೊಂದು ಎಳೆಯನ್ನೂ ಬಿರುಕಿನೊಳಗೆ ತುರುಕಿ, ಎಲೆಗಳನ್ನು ಮುಂದಕ್ಕೆ ಮಡಚಿ, ಅಂಚು ಹೊಲಿಯುವವಳ ಹಾಗೆ ಅಂಗೈಯಿಂದ ಒತ್ತತೊಡಗಿದಳು. ಎಳೆಗಳು ನಿಲ್ಲಲಿಲ್ಲ, ಜಾರಿ ಬಿದ್ದವು. ಮತ್ತೆ ಎತ್ತಿ ಒತ್ತಿದಳು.

"ಬಿಡು ಅತ್ತೆ. ಬಾ ಈಚೆಗೆ. ಬೀಳುತ್ತೆ."

"ನಾಳೆ ಅವನು ಬರ್ತಾನೆ ಕಣೋ. ನೋಡಿದ್ರೆ ಮನೆ ಹೋಗುತ್ತೆ. ನನಗೆ ಇನ್ನೇನಿದೆ, ಮೂರು ಮಿಷನ್ನು, ಒಂದು ಮನೆ."

ಅವಳ ರಟ್ಟೆ ಹಿಡಿದು ಈಚೆಗೆ ಎಳೆದೆ. ಜೀವಮಾನದಲ್ಲಿ ನಾನು ಮಾಡಿದ ಒಂದೇ ಧೈರ್ಯದ ಕೆಲಸ ಅದು. ಅದಕ್ಕೂ ಅವಳ ಮೊಣಕೈಯಿಂದ ಎದೆಗೆ ತಿವಿಸಿಕೊಂಡೆ. ಹಾಸಿಗೆ, ಮಿಷನ್ನು ಎಲ್ಲ ಎದುರುಮನೆಯವರ ಜಗಲಿಗೆ ಸಾಗಿಸಿದೆವು. ಮನೆಯೊಳಗೆ ಹೋಗಿಬರುವಾಗ ಇಬ್ಬರೂ ತುದಿಗಾಲಲ್ಲಿ ನಡೆಯುತ್ತಿದ್ದೆವು.

ಸೋಮವಾರ ಎಂಜಿನಿಯರ್ ಬಂದರು. ಬಿರುಕಿಗೆ ಟಾರ್ಚು ಹಿಡಿದರು, ಅಳೆಯುವ ಪಟ್ಟಿ ತೂರಿಸಿದರು. ಪಟ್ಟಿ ಒಳಗೆ ಹೋಗುತ್ತಲೇ ಇತ್ತು. "ಇಡೀ ಮನೆ ಕೆಡವಬೇಕಿಲ್ಲ" ಎಂದರು ಅವರು ಕಡೆಗೆ. "ಇವತ್ತೇ ಆಸರೆಗೆ ಕಂಬ ಕೊಡಿ. ಮೇಲಿನ ಕೋಣೆ ಇಳಿಸಿ, ಈ ಗೋಡೆ ಬಿಚ್ಚಿ ಹೊಸದಾಗಿ ಕಟ್ಟಬೇಕು. ಅಲ್ಲೀತನಕ ಒಳಗೆ ಯಾರೂ ಮಲಗೋ ಹಾಗಿಲ್ಲ." ಆಮೇಲೆ ಟಾರ್ಚು ಆರಿಸುತ್ತಾ, "ಇದು ಹಳೇ ಬಿರುಕು. ನಿಮಗೆ ಗೊತ್ತಿರಲಿಲ್ವಾ?" ಎಂದರು.

"ಗೊತ್ತಿತ್ತು. ಅದಕ್ಕೇ ಬಳ್ಳಿ ಹಬ್ಬಿಸಿದ್ದು."

ಅವರು ನನ್ನ ಮುಖ ನೋಡಿ, ಪಟ್ಟಿ ಸುತ್ತಿಕೊಂಡು ಹೋದರು. ಎದುರುಮನೆಯ ಜಗಲಿಯಲ್ಲಿ ಅತ್ತೆ ಮಿಷನ್ನಿನ ಮುಂದೆ ಕೂತು ಯಾರದೋ ಅಂಗಿಯ ತೋಳು ಬಿಚ್ಚತೊಡಗಿದಳು. ನಾನು ಸುಮ್ಮನಿರಬೇಕೆಂದೇ ಇದ್ದೆ. ಆದರೆ ಕತ್ತಿನ ಹಿಂದೆ ಆ ಪರದೆಯ ತಣ್ಣನೆ ಗಾಳಿ ಇನ್ನೂ ಸುಳಿಯುತ್ತಿತ್ತು.

"ಗೊತ್ತಿದ್ದೂ ನನ್ನನ್ನ ಯಾಕತ್ತೆ ಅಲ್ಲಿ ಮಲಗಿಸಿದೆ?"

ಅತ್ತೆ ತಲೆ ಎತ್ತಲಿಲ್ಲ.

"ಬಾಡಿಗೆಯವರು ಸತ್ರೆ ಜೈಲಿಗೆ ಹೋಗ್ಬೇಕು. ನೀನಾದ್ರೆ ನಿಮ್ಮಪ್ಪನ ಹತ್ರ ಬೈಸ್ಕೊಂಡ್ರೆ ಮುಗೀತು."