ಭಾವನ ಬೇಸ್

ನನ್ನ ಗಂಡನ ಅಣ್ಣನನ್ನು ಸಂಗೀತಪ್ರೇಮಿ ಎಂದು ಹೊಗಳುವವರು ನಮ್ಮ ಬೀದಿಯಲ್ಲಿದ್ದಾರೆ. ಅವರೆಲ್ಲ ಬೀದಿಯ ಆ ತುದಿಯವರು. ನಮಗೂ ಭಾವನಿಗೂ ನಡುವೆ ಇರುವುದು ಒಂದು ಗೋಡೆ, ಅದೂ ತೆಳ್ಳಗಿನದು.

ಭಾವ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದರು. ಪರದೆಯ ಮೇಲೆ ಗುಡುಗಿದರೆ ಕುರ್ಚಿ ನಡುಗಬೇಕು, ಕಿವಿ ನೋಯಬಾರದು. ಬದುಕಿನಲ್ಲಿ ಅವರು ಕಲಿತ ಧರ್ಮ ಅದೊಂದೇ. ಮದುವೆ ಆಗಲಿಲ್ಲ, ಯಾರು ಕೊಡುತ್ತಾರೆ ಹೆಣ್ಣು, ಮೂಗಿನ ತುದಿಯಲ್ಲೇ ಕೋಪ. ಚಿತ್ರಮಂದಿರ ಮುಚ್ಚಿದಾಗ ಆಳೆತ್ತರದ ಎರಡು ಸ್ಪೀಕರುಗಳನ್ನೂ ಹರಿದ ಸೀಟುಗಳ ರಾಶಿಯನ್ನೂ ಗಾಡಿಗೆ ಹೇರಿಕೊಂಡು ಮನೆಗೆ ಬಂದರು.

ಆಗ ಮನೆ ಪಾಲಾಗುತ್ತಿತ್ತು. ನಡುಮನೆಗೆ ಅಡ್ಡಗೋಡೆ ಹಾಕಬೇಕು. ಅಲ್ಲೊಂದು ಕಂಬವಿದೆ, ಸರಿಯಾಗಿ ಮಧ್ಯದಲ್ಲಲ್ಲ, ಎರಡಡಿ ನಮ್ಮ ಕಡೆಗೆ.

"ಕಂಬಕ್ಕೇ ಸೇರಿಸಿ ಕಟ್ಟೋಣ ಅಣ್ಣ. ಎರಡಡಿ ನಿಂಗೇ ಹೋಗ್ಲಿ," ಅಂದರು ಇವರು.

ಭಾವನಿಗೆ ಗುಮಾನಿ. "ಬಿಟ್ಟಿ ಕೊಡೋನ ಮನಸ್ಸಲ್ಲಿ ಏನೋ ಇರುತ್ತೆ. ನಂಗೆ ಅರ್ಧ ಅಂದ್ರೆ ಅರ್ಧ."

ಟೇಪು ಹಿಡಿದು ಗೆರೆಯನ್ನೂ ತಾವೇ ಎಳೆದರು. ಮಾತಿಗೆ ಮಾತು ಬೆಳೆಯಿತು. ಗೋಡೆ ಎದ್ದಿತು, ಅಣ್ಣತಮ್ಮಂದಿರ ನಡುವೆ ಮಾತು ಬಿತ್ತು. ಅಂದಿನಿಂದ ಇಬ್ಬರೂ ಎಣ್ಣೆ ಸೀಗೆಕಾಯಿ.

ಆ ಅರ್ಧದ ಹಟಕ್ಕೆ ಭಾವನ ಕೋಣೆ ಉದ್ದ, ಅಗಲ, ಎತ್ತರ ಎಲ್ಲ ಒಂದೇ ಆಗಿ ಪೆಟ್ಟಿಗೆಯಂತಾಯಿತು. ಅಂಥ ಕೋಣೆಯಲ್ಲಿ ಬೇಸ್ ಹದಕ್ಕೆ ಬರುವುದಿಲ್ಲವಂತೆ. ತಗ್ಗಿನ ಸದ್ದೆಲ್ಲ ಗೋಡೆಗಳ ಹತ್ತಿರ ಗುಡ್ಡೆ ಬೀಳುತ್ತದೆ. ಯಾವ ಹಾಡು ಹಾಕಿದರೂ ಒಂದೇ ಗುಂ. ಡ್ರಮ್ಮೂ ಗುಂ, ಗಿಟಾರೂ ಗುಂ, ಗಂಡಸಿನ ಗಂಟಲೂ ಗುಂ. ಭಾವ ಕುರ್ಚಿ ಹಾಕಿಕೊಳ್ಳುವ ನಟ್ಟನಡುವೆ ಮಾತ್ರ ಅದು ಕೇಳಿಸದು, ಅದಕ್ಕೇ ಇನ್ನೂ ಜೋರು ಮಾಡುವರು. ನಮ್ಮ ಕಡೆ ಗೂಡಿನಲ್ಲಿಟ್ಟ ಲೋಟಗಳು ಹಲ್ಲು ಕಡಿಯುತ್ತಿದ್ದವು. ನಾನು ಲಟ್ಟಣಿಗೆ ತಗೊಂಡು ಗೋಡೆಗೆ ಕುಟ್ಟುತ್ತಿದ್ದೆ. ಆ ಕಡೆಯಿಂದ ಬೈಗುಳ ಬರುತ್ತಿತ್ತು.

ಇವರದೋ ಬೇರೆಯೇ ಲೋಕ. ಸಂಜೆ ಮೊದಲ ಗುಂ ಕೇಳಿಸಿದ ಕೂಡಲೇ ತಟ್ಟೆಯಿಂದ ತಲೆಯೆತ್ತಿ "ಅಣ್ಣ ಬಂದ" ಎನ್ನುವರು. ಆಮೇಲೆಯೇ ತುತ್ತು ಇಳಿಯುವುದು. ಒಮ್ಮೆ ಭಾವ ಜ್ವರ ಬಂದು ಮಲಗಿ ಗೋಡೆ ಸುಮ್ಮನಾದಾಗ ಇವರು ಊಟ ಬಿಟ್ಟು ಅದರ ಪಕ್ಕದಲ್ಲೇ ಸುತ್ತಿದರು. ಮತ್ತೆ ಗುಂ ಎಂದಾಗ ಮುಖ ಅರಳಿತು. ನನಗೆ ತಲೆನೋವು ತರುವುದು ಇವರಿಗೆ ಅಣ್ಣನ ಸಮಾಚಾರ. ಹೋಗಿ ನೋಡಿಬನ್ನಿ ಎಂದರೆ, "ಅವನು ಬರ್ಲಿ." ಇವರೂ ಅದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ?

ಭಾವ ಆ ಬೇಸ್ ಸರಿಮಾಡಲು ಕೈತೊಳೆದುಕೊಂಡು ಅದರ ಹಿಂದೆ ಬಿದ್ದರು. ಸ್ಪೀಕರನ್ನು ಮೂಲೆಯಿಂದ ಈಚೆಗೆಳೆದರು, ಅಡಿಗೆ ರಬ್ಬರ್ ಇಟ್ಟರು, ಗೋಡೆಗೆ ಸ್ಪಂಜು ಅಂಟಿಸಿದರು. ಸ್ಪಂಜಿನಿಂದ ಹಾಡಿನ ಎತ್ತರದ ಸ್ವರ ಮಂಕಾಯಿತೇ ಹೊರತು ಗುಂ ಒಂದಿಷ್ಟೂ ಜಗ್ಗಲಿಲ್ಲ. ಕೊನೆಗೆ ಒಂದು ದಿನ ನಾನು ಜಗಲಿಯಲ್ಲೇ ಅವರನ್ನು ಹಿಡಿದುಕೊಂಡೆ.

"ಭಾವ, ಸೌಂಡ್ ಕಮ್ಮಿ ಮಾಡ್ತೀರೋ, ಪೊಲೀಸರನ್ನ ಕರೀಲೋ?"

"ಕರಿಯಮ್ಮ, ಯಾರು ಬೇಡ ಅಂದ್ರು? ಮೊದ್ಲು ನಿನ್ನ ಗಂಡನ್ನ ಕೇಳು. ಅವನಿಗೂ ತೊಂದ್ರೆನಾ?"

ಇವರು ಬಾಗಿಲಲ್ಲೇ ನಿಂತಿದ್ದರು, ಕೈಚಾಚಿದರೆ ಅಣ್ಣನ ಹೆಗಲು ಸಿಗುವಷ್ಟು ಹತ್ತಿರ. ಅಣ್ಣನ ಕಡೆ ನೋಡಲಿಲ್ಲ.

"ಹೌದು ಅಂತ ಹೇಳು," ಅಂದರು ನನಗೆ.

ಭಾವನ ಮುಖ ಕಪ್ಪಿಟ್ಟಿತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದರು.

ಮರುದಿನವೇ ಬಡಗಿ ಬಂದ. ಭಾವ ತಮ್ಮ ಕೋಣೆಯೊಳಗೇ, ನಮ್ಮ ಗೋಡೆಯಿಂದ ಎರಡಡಿ ಆಚೆಗೆ, ದಪ್ಪ ಪ್ಲೈವುಡ್ಡಿನ ಇನ್ನೊಂದು ಗೋಡೆ ನಿಲ್ಲಿಸಿ ನಡುವಿನ ಜಾಗಕ್ಕೆ ಸೀಟುಗಳ ಹತ್ತಿಯನ್ನೆಲ್ಲ ತುಂಬಿಸಿದರು. ಅಂದು ಬೇಡ ಎಂದ ಎರಡಡಿಯನ್ನು ಈಗ ತಮ್ಮ ಪಾಲಿನಲ್ಲೇ ಕಳೆದುಕೊಂಡರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಆಗಬೇಕಾದ್ದೇ ಎಂದುಕೊಂಡೆ. ನೀರು ಕುಡಿಯಲು ಬಂದ ಬಡಗಿ, "ಒಳಗೆ ಈಗ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತೆ ಅಕ್ಕ, ಯಜಮಾನ್ರು ಕಣ್ಮುಚ್ಕೊಂಡು ಕೂತವ್ರೆ," ಅಂದ.

ಆ ಸಂಜೆ ನಮ್ಮ ಲೋಟಗಳು ಅಲುಗಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷ. ಬಡಿಸಿದೆ. ಇವರು ಅನ್ನ ಕಲೆಸಿ ಹಾಗೇ ಕೂತರು.

"ಅಣ್ಣ ಬಂದ್ನಾ?"

"ನಂಗೇನ್ ಗೊತ್ತು? ಹೋಗಿ ಬಾಗಿಲು ತಟ್ಟಿ, ಇಲ್ಲೇ ಪಕ್ಕದಲ್ಲಿ."

"ಅವನು ತಟ್ಲಿ."

ನನಗೆ ಸಿಟ್ಟು ನೆತ್ತಿಗೇರಿತು. ಇವರು ಎಂಜಲು ಕೈಯಲ್ಲೇ ಎದ್ದು ಹೋಗಿ ಗೋಡೆಗೆ ಅಂಗೈ ಇಟ್ಟರು, ಆಮೇಲೆ ಕಿವಿ ಇಟ್ಟರು. ಸುತ್ತ ನೋಡಿ ನನ್ನ ಲಟ್ಟಣಿಗೆ ತಗೊಂಡು ಮೆಲ್ಲಗೆ ಕುಟ್ಟಿದರು. ಬೈಗುಳವಾದರೂ ಬರಲಿ ಎಂದು ಕಾದರು. ಇನ್ನೊಮ್ಮೆ, ಜೋರಾಗಿ ಕುಟ್ಟಿದರು. ಈ ಕಡೆಯ ಸದ್ದೂ ಆ ಹತ್ತಿಯನ್ನು ದಾಟುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.