ಅವ್ವನ ಬಾಯಲ್ಲಿ ಉಳಿದ ಬಸರಾ ಪದ

ಅವ್ವ ಡಚ್ಚರ ನಾಡಿನ ವೆಲ್ಡ್‌ಹೋವನ್‌ಗೆ, ನನ್ನ ಮನೆಗೆ ಬಂದು ಮೂರು ವಾರವಾಗಿತ್ತು. ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದವಳ ಬಲಗೈ ಹಿಟ್ಟಿನ ಮೇಲೇ ನಿಂತುಬಿಟ್ಟಿತು. "ಏನಾತವ್ವಾ?" ಅಂದೆ. ಬಾಯಿ ಒಂದು ಕಡೆ ಎಳೆದಿತ್ತು, ಮಾತಿಲ್ಲ. ಆಂಬುಲೆನ್ಸ್ ಬೇಗ ಬಂತು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಜೀವ ಉಳಿಯಿತು, ಮಾತು ಹೋಯಿತು.

ಐದನೇ ದಿನ ನರ್ಸ್ ತಲೆ ಬಾಚುತ್ತಿದ್ದಾಗ ಅವ್ವ ಇದ್ದಕ್ಕಿದ್ದಂತೆ ಹಾಡಿದಳು. ಒಂದಕ್ಷರವೂ ತೊದಲಲಿಲ್ಲ.

"ಬಸರಾದ ಹಡಗ ಹತ್ತಿ ಬರತೇನಂದ್ಹೋದಾವ
ಹಸರ ಸೀರಿಯ ತರತೇನಂದ, ನನ ತಮ್ಮ
ಹೆಸರಷ್ಟ ಬಂತ ಟಪಾಲಾಗ."

ನರ್ಸ್ ಚಪ್ಪಾಳೆ ತಟ್ಟಿ, "ಎಷ್ಟು ಚೆಂದ! ಏನು ಹಾಡು ಇದು?" ಎಂದು ನನ್ನನ್ನು ಕೇಳಿದಳು.

ಅದು ಅವ್ವನ ಅಜ್ಜಿ ಕಟ್ಟಿದ ಪದ. ಮೊದಲನೇ ಮಹಾಯುದ್ಧದ ಹೊತ್ತಿಗೆ ಇಂಗ್ರೇಜಿ ಸರಕಾರದವರು ನಮ್ಮೂರಿಗೆ ಬಂದು, ಗಂಡುಮಕ್ಕಳ ಎದೆಗೆ ಟೇಪು ಹಿಡಿದು ಅಳೆದು, ಸೇರಿಸಿಕೊಂಡು ಹೋದರಂತೆ. ಅಜ್ಜಿಯ ತಮ್ಮನೂ ಹೋದ. ಅರಬರ ನಾಡಿನ ಬಂದರು ಬಸರಾ ಯಾವ ದಿಕ್ಕಿಗಿದೆ ಅಂತ ಊರಲ್ಲಿ ಯಾರಿಗೂ ತಿಳಿಯದು. ಅವನು ಸತ್ತ ಕಾಗದ ಬಂದ ಮೇಲೆ ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ಅತ್ತದ್ದು ಹೀಗೆ. ಓಣಿಯ ಹೆಂಗಸರು "ನನ ತಮ್ಮ" ಅಂದಲ್ಲಿ "ನನ ಮಗ", "ನನ ರಾಯ" ಅಂತ ಸೇರಿಸಿ ಹಾಡಿಕೊಂಡರಂತೆ. ಅವ್ವ ಚಿಕ್ಕವಳಿದ್ದಾಗ ಅದೇ ಕಲ್ಲಿನ ಗೂಟ ಹಿಡಿದು ಕಲಿತಳು.

ನನ್ನ ಹರಕುಮುರುಕು ಡಚ್‌ನಲ್ಲಿ, "ತಮ್ಮ ಯುದ್ಧಕ್ಕೆ ಹೋದ, ತಿರುಗಿ ಬರಲಿಲ್ಲ" ಎಂದೆ. ನರ್ಸ್ ಮತ್ತೆ ಚಪ್ಪಾಳೆ ತಟ್ಟಲಿಲ್ಲ.

ಆಮೇಲೆ ಅವ್ವನಿಗೆ ಎಲ್ಲದಕ್ಕೂ ಅದೊಂದೇ ಪದ. ನೀರು ಬೇಕಾದರೂ ಬಸರಾ, ಬೆನ್ನು ನೊಂದರೂ ಬಸರಾ. "ಮಾತು ಇರುವ ಕಡೆ ಪೆಟ್ಟಾಗಿದೆ, ಹಾಡು ಬೇರೆ ಕಡೆ ಇರುತ್ತೆ, ಅದಕ್ಕೇ ಉಳಿದಿದೆ" ಎಂದ ಸ್ಪೀಚ್ ಥೆರಪಿಸ್ಟ್, ಅದೇ ಧಾಟಿಯಲ್ಲಿ 'ನೀರು ಬೇಕು' ಅಂತ ಹಾಡಿಸಲು ಹೇಳಿದಳು. ನಾನು ಹಾಡಿದೆ. ಅವ್ವ ನನ್ನನ್ನು ಪಿಳಿಪಿಳಿ ನೋಡಿ, ಮತ್ತೆ ಅದೇ ಬಸರಾದ ಹಡಗು ಹತ್ತಿಸಿಯೇಬಿಟ್ಟಳು.

ಒಂದು ಮಧ್ಯಾಹ್ನ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, "ಹೆಸರಷ್ಟ ಬಂತ, ಹೆಸರಷ್ಟ ಬಂತ" ಎಂದು ಅಷ್ಟನ್ನೇ ಹಾಡತೊಡಗಿದಳು. ಕಣ್ಣಲ್ಲಿ ನೀರು.

"ನೀರ ಬೇಕೇನ? ತಲಿ ನೋಯಾಕತ್ತೈತೇನ?"

ಇಲ್ಲವೆಂದು ತಲೆಯಾಡಿಸಿದಳು.

"ಊರಿಗೆ ಹೋಗೂಣೇನ? ಅಣ್ಣಗ ಫೋನ್ ಹಚ್ಚಲೇನ?"

ಅದೂ ಅಲ್ಲ. ನನಗೆ ತೋಚಿದ್ದನ್ನೆಲ್ಲ ಕೇಳಿದೆ. ಕೊನೆಗೆ ಕೇಳಲು ಏನೂ ಉಳಿಯಲಿಲ್ಲ. "ತಿಳಿವಲ್ದವ್ವಾ ನನಗ" ಎಂದು ಅತ್ತುಬಿಟ್ಟೆ. ಅವಳು ಕೈ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದಳು. ನನ್ನ ಭಾಷೆಯಲ್ಲೇ, ನನ್ನ ಕಣ್ಣ ಮುಂದೆಯೇ ಅವಳು ಏನೋ ಕೇಳಿದ್ದಳು. ಅದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ವೀಸಾ ಮುಗಿಯುವ ಮುನ್ನ ಅಣ್ಣ ಬಂದು ವೀಲ್‌ಚೇರಿನಲ್ಲಿ ಅವಳನ್ನು ಧಾರವಾಡಕ್ಕೆ ಕರೆದುಕೊಂಡು ಹೋದ. ಈಗ 'ಹೂಂ', 'ಸಾಕು' ಅನ್ನುತ್ತಾಳಂತೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ನನ್ನ ಮುಖ ಕಂಡರೆ ಹಾಡುತ್ತಾಳೆ. ನಾನೂ ದನಿಗೂಡಿಸುತ್ತೇನೆ. ಆಮೇಲೆ ನಾನು, ಇವತ್ತು ಏನು ಅಡುಗೆ ಮಾಡಿದೆ ಅಂತ ಹೇಳಲು ಶುರುಮಾಡುತ್ತೇನೆ.