ಅವಿಲ್ದಾಳ ಜೊತೆಗಾತಿ

ನೆರೇಯ್ದಾ, ಫಹಾರ್ದೊ ಎಂಬ ಊರಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತು ನಿವೃತ್ತಳಾದವಳು. ಅವಳಷ್ಟು ಅಚ್ಚುಕಟ್ಟಿನ ಹೆಂಗಸು ಊರಿನಲ್ಲಿ ಇನ್ನೊಬ್ಬಳಿಲ್ಲ ಎಂದು ಜನ ಹೇಳುತ್ತಿದ್ದರು. ಅವಳಷ್ಟು ಹಟದವಳೂ ಇಲ್ಲ ಎಂದು ಗಂಡ ಚಾಗೊ ಸೇರಿಸುತ್ತಿದ್ದ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಕಡಲಿನಡಿ ಮುಳುಗುವುದನ್ನು ಕಲಿತಳು. ಅದೇ ವಾರ, ಅದೇ ದೋಣಿಯಲ್ಲಿ, ಪಕ್ಕದ ಊರು ಲುಕಿಯೊದಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದ ಅವಿಲ್ದಾಳೂ ಕಲಿತಳು.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವವರಲ್ಲಿ ಒಂದು ಕಟ್ಟಳೆಯಿದೆ. ಯಾರೂ ಒಂಟಿಯಾಗಿ ಇಳಿಯುವಂತಿಲ್ಲ, ಜೊತೆಗೊಬ್ಬರು ಇರಲೇಬೇಕು. ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರ ಗಾಳಿಯನ್ನು ಹಂಚಿಕೊಂಡು ಮೇಲೆ ಬರಬೇಕು. ನೆರೇಯ್ದಾ ಮತ್ತು ಅವಿಲ್ದಾ ಇಪ್ಪತ್ತೆರಡು ವರ್ಷ ಒಬ್ಬರಿಗೊಬ್ಬರು ಆ ಜೊತೆಯಾಗಿದ್ದರು. ನಡುವೆ ಅವಿಲ್ದಾಳಿಗೆ ಮಗಳು ಹುಟ್ಟಿದಾಗ ಚರ್ಚಿನಲ್ಲಿ ಕೂಸನ್ನು ಎತ್ತಿ ಹಿಡಿದು ಧರ್ಮತಾಯಿಯಾಗಿ ನಿಂತವಳು ನೆರೇಯ್ದಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಕೊಮಾಯ್’, ಅಂದರೆ ಮಗುವಿನ ಸಹತಾಯಿ, ಎಂದೇ ಕರೆಯುತ್ತಿದ್ದರು. ಅವಿಲ್ದಾಳ ಗಂಡ ತೀರಿಕೊಂಡ ವರ್ಷವೂ ಒಂದು ಭಾನುವಾರವೂ ಕಡಲಿಗಿಳಿಯುವುದು ತಪ್ಪಲಿಲ್ಲ. ಪ್ರತಿ ಜನವರಿಯಲ್ಲಿ ಇಬ್ಬರ ರೆಗ್ಯುಲೇಟರನ್ನೂ, ಅಂದರೆ ಬಾಯಿಗಿಟ್ಟು ಉಸಿರಾಡುವ ಸಾಧನವನ್ನು, ಒಂದೇ ಚೀಲದಲ್ಲಿ ಹಾಕಿಕೊಂಡು ರಿಪೇರಿಯ ಟೋನ್ಯೊನ ಬಳಿ ಒಯ್ಯುತ್ತಿದ್ದವಳು ನೆರೇಯ್ದಾ. ಅವಿಲ್ದಾಳ ಮಾಸ್ಕಿನ ಪಟ್ಟಿ ಎಷ್ಟು ಸವೆದಿದೆ, ನೀರಿನ ಒತ್ತಡಕ್ಕೆ ಕಟ್ಟಿಕೊಂಡ ಅವಳ ಯಾವ ಕಿವಿ ತಡವಾಗಿ ಬಿಡುತ್ತದೆ, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಹೋದ ವರ್ಷ ದೋಣಿಗೆ ಲಿಸೆಟ್ ಬಂದಳು. ಗುಯ್ನಾಬೊ ಪಟ್ಟಣದ ಹಲ್ಲಿನ ಡಾಕ್ಟರ ಹೆಂಡತಿ, ನಲವತ್ತೈದರ ಪ್ರಾಯ, ನಗುಮುಖದವಳು. ಅವಳು ನೆರೇಯ್ದಾಳನ್ನು ‘ದೋನ್ಯಾ ನೆರೇಯ್ದಾ, ನೀವು’ ಎಂದು ಗೌರವದಿಂದ ಮಾತಾಡಿಸಿದಳು. ಮೂರನೆಯ ವಾರಕ್ಕೆ ಅವಿಲ್ದಾಳನ್ನು ಮಾತ್ರ ‘ನೀನು’ ಎನ್ನತೊಡಗಿದಳು. ಆ ಗೌರವ ನೆರೇಯ್ದಾಳಿಗೆ ಬಾಗಿಲ ಹೊರಗೆ ಹಾಕಿದ ಕುರ್ಚಿಯಂತೆ ಕಂಡಿತು. ಕುಲೆಬ್ರಾ ದ್ವೀಪದ ಬಳಿ ಒಂದು ಬಂಡೆಯ ಸಂದಿಯಲ್ಲಿ ಹಳದಿ ಕಡಲಕುದುರೆಯೊಂದು ಇತ್ತು. ನೆರೇಯ್ದಾ ಅದನ್ನು ಹುಡುಕಿ ಅವಿಲ್ದಾಳಿಗೆ ಒಬ್ಬಳಿಗೇ ತೋರಿಸಿದ್ದಳು. ಒಂದು ಭಾನುವಾರ ಅವಿಲ್ದಾ ಲಿಸೆಟ್‌ಳ ಕೈ ಹಿಡಿದು ನೇರ ಅದೇ ಸಂದಿಗೆ ಕರೆದೊಯ್ದಳು. ಹಿಂದೆ ಈಜುತ್ತಿದ್ದ ನೆರೇಯ್ದಾಳಿಗೆ ಅರವತ್ತು ಅಡಿ ನೀರಿನೊಳಗೂ ಹೊಟ್ಟೆ ಉರಿಯಿತು.

ಹಡಗಿನ ಪ್ರವಾಸದ ಯೋಚನೆಯೂ ಲಿಸೆಟ್‌ಳದೇ. ಸಾನ್ ಹುವಾನ್‌ನಿಂದ ಹೊರಟು ಏಳು ದಿನ, ನಡುವೆ ಬೊನೈರ್ ದ್ವೀಪದಲ್ಲಿ ಒಂದು ಪೂರ್ತಿ ದಿನ ಮುಳುಗುವ ಅವಕಾಶ. ಲಿಸೆಟ್ ಮತ್ತು ಅವಿಲ್ದಾ ಒಂದು ಕೋಣೆಯಲ್ಲಿ, ನೆರೇಯ್ದಾ ಗಂಡನ ಜೊತೆ ಇನ್ನೊಂದರಲ್ಲಿ. ಚಾಗೊ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿಯುವವನಲ್ಲ. ಆದರೆ ಹಡಗಿನಲ್ಲಿ ಡೊಮಿನೊ ಆಡುವವರು ಸಿಗುತ್ತಾರೆ, ಊಟಕ್ಕೆ ಮಿತಿಯಿಲ್ಲ ಎಂದು ಕೇಳಿ ಒಪ್ಪಿದ್ದ.

ಹೊರಡಲು ಐದು ದಿನವಿದ್ದಾಗ ಯಾರು ಯಾವ ಸಾಮಾನು ಒಯ್ಯಬೇಕೆಂದು ತೀರ್ಮಾನಿಸಲು ಮೂವರು ಹೆಂಗಸರೂ ಅವಿಲ್ದಾಳ ಮನೆಯ ಮುಂಜಗಲಿಯಲ್ಲಿ ಸೇರಿದರು. ನೆಲದ ಮೇಲೆ ಚಾಪೆ ಹಾಸಿ ಮಾಸ್ಕು, ಕಾಲಿನ ರೆಕ್ಕೆ, ರಬ್ಬರ್ ಉಡುಪು, ಗಾಳಿ ತುಂಬುವ ಜಾಕೆಟ್ಟು ಎಲ್ಲವನ್ನೂ ಹರಡಿದರು.

“ಹಡಗಿನ ಕೋಣೆ ಬೆಂಕಿಪೆಟ್ಟಿಗೆ ಇದ್ದ ಹಾಗೆ ಇರತ್ತೆ,” ಎಂದಳು ಲಿಸೆಟ್. “ಜಾಕೆಟ್ಟು, ರೆಕ್ಕೆ ಎಲ್ಲಾ ಅಲ್ಲೇ ಬಾಡಿಗೆಗೆ ಸಿಗತ್ತೆ. ಮಾಸ್ಕು, ಉಡುಪು, ಆಳ ತೋರಿಸೋಕೆ ಕೈಗೆ ಕಟ್ಟೋ ಕಂಪ್ಯೂಟರು, ರೆಗ್ಯುಲೇಟರು. ಇಷ್ಟು ಸಾಕು. ಕಲಿತಿದ್ದರ ಕಾರ್ಡ್ ಮರೀಬೇಡಿ.”

“ಬಾಡಿಗೆ ಜಾಕೆಟ್ಟಾ? ಯಾರ್ಯಾರ ಬೆವರು ಕುಡಿದಿರತ್ತೋ,” ಎಂದಳು ನೆರೇಯ್ದಾ.

“ಕಡಲಲ್ಲಿ ಬೆವರು ಎಲ್ಲಿಂದ ಬರತ್ತೆ ಕೊಮಾಯ್?” ಎಂದು ಅವಿಲ್ದಾ ನಕ್ಕಳು.

ಲಿಸೆಟ್‌ಳೂ ನಕ್ಕಳು. ಆಮೇಲೆ ಕಾರಿನಿಂದ ಒಂದು ಡಬ್ಬ ತಂದು ಅವಿಲ್ದಾಳ ಮಡಿಲಲ್ಲಿಟ್ಟಳು. “ಹುಟ್ಟಿದ ಹಬ್ಬ ಮುಂದಿನ ತಿಂಗಳು ಅಂತ ಗೊತ್ತು. ಆದ್ರೆ ಹಡಗು ಈ ತಿಂಗಳು ಅಲ್ವಾ?” ಒಳಗಿದ್ದದ್ದು ಹೊಚ್ಚ ಹೊಸ ರೆಗ್ಯುಲೇಟರು, ನೇರಳೆ ಬಣ್ಣದ್ದು. ಅಂಥದೇ ಇನ್ನೊಂದು ಲಿಸೆಟ್‌ಳ ಚೀಲದಲ್ಲೂ ಇತ್ತು.

“ಅಯ್ಯೋ ನನ್ ಬಂಗಾರ!” ಎಂದು ಅವಿಲ್ದಾ ಅವಳ ಕೆನ್ನೆಗೆ ಮುತ್ತಿಟ್ಟಳು. ಹಳೆಯ ಕಪ್ಪು ರೆಗ್ಯುಲೇಟರನ್ನು ಚಾಪೆಯಿಂದೆತ್ತಿ ಹಿಂದಿನ ಕುರ್ಚಿಯ ಮೇಲಿಟ್ಟಳು. ಅದು ಹನ್ನೆರಡು ಜನವರಿಗಳು ನೆರೇಯ್ದಾಳ ಚೀಲದಲ್ಲಿ ಟೋನ್ಯೊನ ಅಂಗಡಿಗೆ ಹೋಗಿ ಬಂದದ್ದು.

“ಚೆನ್ನಾಗಿಲ್ವಾ ಕೊಮಾಯ್?”

“ಚೆನ್ನಾಗಿದೆ. ಇಬ್ಬರದೂ ಒಂದೇ ಬಣ್ಣ ನೋಡಿ ಮೀನುಗಳು ಮದುವೆ ಅಂದ್ಕೊಳ್ತವೆ,” ಎಂದಳು ನೆರೇಯ್ದಾ. ಅವಿಲ್ದಾ ಎದುರಿಗಿಟ್ಟ ಅಲ್ಕಾಪೂರಿಯಾ ಎಂಬ ಬಿಸಿ ಕರಿದ ತಿಂಡಿಯನ್ನು ಮುಟ್ಟದೆ, ತಲೆನೋವೆಂದು ಹೇಳಿ ಎದ್ದು ಬಂದಳು.

ಮನೆಗೆ ಬಂದವಳು ಬಟ್ಟೆ ಬದಲಿಸದೆ ಅಟ್ಟದಿಂದ ದೊಡ್ಡ ಚೀಲ ಇಳಿಸಿದಳು. ಲಿಸೆಟ್ ಬೇಡವೆಂದದ್ದನ್ನೆಲ್ಲ ತುಂಬತೊಡಗಿದಳು. ಜಾಕೆಟ್ಟು, ಉದ್ದನೆಯ ರೆಕ್ಕೆ, ಎರಡು ಟಾರ್ಚು, ದಪ್ಪ ಉಡುಪು, ತೆಳು ಉಡುಪು, ಬಿಡಿ ಪಟ್ಟಿಗಳು, ಗಾಳಿ ಸೋರದಂತೆ ಹಾಕುವ ಬಿಡಿ ರಬ್ಬರ್ ಬಳೆಗಳು. ಒಂದು ಚೀಲ ಸಾಲದೆ ಎರಡನೆಯದನ್ನೂ ಇಳಿಸಿದಳು.

ಚಾಗೊ ಬಾಗಿಲಿಗೊರಗಿ ನೋಡುತ್ತಿದ್ದ. “ಏನೇ, ರಜೆಗೆ ಹೋಗ್ತಿದೀಯೋ ಮುಳುಗಿದ ಹಡಗು ಎತ್ತೋಕೋ?”

“ಬೇಕಾಗತ್ತೆ.”

“ಯಾರಿಗೆ?”

“ಅವಿಲ್ದಾಗೆ. ಅಲ್ಲಿ ಏನಾದ್ರೂ ಕಿತ್ತು ಹೋದ್ರೆ ಆ ಹಲ್ಲಿನ ಡಾಕ್ಟ್ರ ಹೆಂಡ್ತಿ ಏನು ಮಾಡ್ತಾಳೆ? ಹಲ್ಲು ಕಿರೀತಾಳೆ.”

ಚಾಗೊ ಚೀಲದ ಬದಿಯಿಂದ ಡೈವಿಂಗ್ ಚಾಕುವನ್ನು ಮೆಲ್ಲನೆ ಎಳೆದು ಮೇಜಿನ ಮೇಲಿಟ್ಟ. “ಇದನ್ನ ಹಡಗಿನವರು ಬಿಡಲ್ಲ. ಬಿಟ್ರೂ, ನಿನ್ನ ಮುಖ ನೋಡಿದ್ರೆ ನಾನು ಬಿಡಲ್ಲ.”

ಅವಳು ನಗಲಿಲ್ಲ. ಚೀಲಗಳನ್ನು ತೂಕದ ಯಂತ್ರದ ಮೇಲೆ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿದಳು. ಏನು ಹಾಕಿದರೂ, ಏನು ತೆಗೆದರೂ, ಕಣ್ಣ ಮುಂದೆ ಇದ್ದದ್ದು ಕುರ್ಚಿಯ ಮೇಲೆ ಬಿದ್ದ ಆ ಕಪ್ಪು ರೆಗ್ಯುಲೇಟರು. ಸಂಜೆಯಾಗುವ ಹೊತ್ತಿಗೆ ಅವಳು ಫೋನ್ ಎತ್ತಿಕೊಂಡಳು. ಹಾಗೆ ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಆದರೆ ಬಾಯಿ ತೆರೆದಾಗ ಸುಳ್ಳು ಸಿದ್ಧವಾಗಿಯೇ ಇತ್ತು.

“ಕೊಮಾಯ್, ಆ ನೇರಳೆದು ಇದ್ಯಲ್ಲ, ಅದನ್ನ ಕಂಪನಿಯವರು ವಾಪಸ್ ತರಿಸ್ಕೊಳ್ತಿದ್ದಾರಂತೆ. ಆಳಕ್ಕೆ ಹೋದ್ರೆ ಗಾಳಿ ನಿಂತ್ಬಿಡತ್ತಂತೆ. ಟೋನ್ಯೊ ಹೇಳ್ದ. ಹಳೇದನ್ನೇ ತಗೊಂಡು ಹೋಗೋದು ಒಳ್ಳೇದು.”

“ದೇವರೇ,” ಎಂದಳು ಅತ್ತ ಕಡೆಯಿಂದ ಅವಿಲ್ದಾ. “ಒಳ್ಳೇದಾಯ್ತು ಹೇಳಿದ್ದು.” ಆ ಮಾತು ಕೇಳಿ ನೆರೇಯ್ದಾಳಿಗೆ ಹಿತವಾಯಿತು. ಊಟಕ್ಕೆ ಎರಡನೆಯ ಸಲ ಅನ್ನ, ಬೀನ್ಸ್ ಹಾಕಿಸಿಕೊಂಡಳು.

ಒಂದು ದಿನ ಬಿಟ್ಟು ಬೆಳಿಗ್ಗೆ ಹತ್ತು ಗಂಟೆಗೆ ಅವಿಲ್ದಾ ಪಾರ್ಲರಿನ ಏಪ್ರನ್ನಿನಲ್ಲೇ ಬಂದಳು. ಕೂತುಕೊಳ್ಳಲಿಲ್ಲ. ನೆರೇಯ್ದಾ ಉಡುಪು ಮಡಚುತ್ತಿದ್ದಳು.

“ಲಿಸೆಟ್ ಟೋನ್ಯೊಗೆ ಫೋನ್ ಮಾಡಿದ್ಳು. ಅವನು ನಿನ್ನ ನೋಡಿ ಎರಡು ತಿಂಗಳಾಯ್ತಂತೆ.”

ನೆರೇಯ್ದಾ ಮಡಚಿದ ಉಡುಪನ್ನು ಬಿಚ್ಚಿ ಮತ್ತೆ ಮಡಚಿದಳು.

“ಹೋದ ಭಾನುವಾರ ಅವಳು ತನ್ನ ನೇರಳೇದನ್ನೇ ಬಾಯಿಗಿಟ್ಕೊಂಡು ಎಂಬತ್ತು ಅಡಿ ಇಳಿದಿದ್ಳು. ನೀನು ಹೇಳಿದ್ದು ಕೇಳಿ ನಿನ್ನೆ ಇಡೀ ದಿನ ಅನ್ನ ಮುಟ್ಟಿಲ್ಲ, ನಾನು ಸತ್ತೇ ಹೋಗ್ತಿದ್ನೇನೋ ಅಂತ. ಬೇರೆ ಏನಕ್ಕಾದ್ರೂ ಸುಳ್ಳು ಹೇಳು. ಗಾಳಿ ವಿಷಯದಲ್ಲಿ ಸುಳ್ಳು ಹೇಳ್ತಾರೇನೇ?”

“ಇಷ್ಟು ವರ್ಷ ನಿನ್ನ ಗಾಳಿ ನೋಡ್ಕೊಂಡಿದ್ದು ನಾನು,” ಎಂದಳು ನೆರೇಯ್ದಾ. ದನಿ ಅವಳು ಬಯಸಿದ್ದಕ್ಕಿಂತ ಸಣ್ಣದಾಗಿ ಬಂತು.

“ಹೌದು, ನೋಡ್ಕೊಂಡೆ. ಅಂಚೆ ಚೀಲ ನೋಡ್ಕೊಂಡ ಹಾಗೆ ನೋಡ್ಕೊಂಡೆ. ಕಟ್ಟಿ, ಮೊಹರು ಒತ್ತಿ, ಯಾರೂ ಮುಟ್ಟದ ಹಾಗೆ.” ಅವಿಲ್ದಾಳ ಕಣ್ಣು ತುಂಬಿತ್ತು. “ನಂಗೆ ಐವತ್ತೆಂಟಾಯ್ತು ಕೊಮಾಯ್. ಗಂಡ ಇದ್ದಾಗ್ಲೂ ನಂಗ್ಯಾರೂ ನೇರಳೆ ಬಣ್ಣದ್ದೇನೂ ತಂದ್ಕೊಟ್ಟಿರ್ಲಿಲ್ಲ. ಅವಳು ಕೊಟ್ಳು, ತಗೊಂಡೆ. ಅದಕ್ಕೆ ನಿನ್ನ ಕೇಳ್ಬೇಕಿತ್ತಾ?”

“ಬೇಡ.”

“ಅವಳಿಗೆ ಫೋನ್ ಮಾಡಿ ನೀನೇ ಹೇಳು. ಈಗ, ನನ್ನ ಮುಂದೆ.”

ನೆರೇಯ್ದಾ ಮಾಡಿದಳು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಯಾವ ಮೇಲಧಿಕಾರಿಯ ಮುಂದೆಯೂ ತಗ್ಗದ ದನಿಯನ್ನು ತಗ್ಗಿಸಿ, ತಾನು ಹೇಳಿದ್ದು ಸುಳ್ಳು, ಹೊಟ್ಟೆಕಿಚ್ಚಿಗೆ ಹೇಳಿದ್ದು ಎಂದಳು. “ಪರವಾಗಿಲ್ಲ ದೋನ್ಯಾ ನೆರೇಯ್ದಾ,” ಎಂದಷ್ಟೇ ಹೇಳಿ ಲಿಸೆಟ್ ಫೋನ್ ಇಟ್ಟಳು. ಅವಿಲ್ದಾಳೂ ಮುತ್ತು ಕೊಡದೆ ಹೊರಟುಹೋದಳು. ಹಾಗೆ ಅವಳು ಯಾವತ್ತೂ ಹೋದವಳಲ್ಲ.

ಆ ಮಧ್ಯಾಹ್ನ ನೆರೇಯ್ದಾ ಎರಡೂ ಚೀಲಗಳನ್ನು ಮಂಚದ ಮೇಲೆ ಬೋರಲು ಹಾಕಿದಳು. ಪ್ರವಾಸಕ್ಕೇ ಬರುವುದಿಲ್ಲ ಎಂದು ಚಾಗೊನಿಗೆ ಹೇಳಿದಳು. “ದುಡ್ಡು ಕಟ್ಟಾಗಿದೆ. ನೀನು ಬರದೇ ಇದ್ರೆ ನಿನ್ನ ಪಾಲಿಂದೂ ನಾನೇ ತಿಂತೀನಿ,” ಎಂದ ಅವನು. ಮತ್ತೆ, “ಹೋಗದೇ ಇದ್ರೆ ಅವರಿಬ್ಬರೂ ಏನ್ ಮಾಡ್ತಿದ್ದಾರೆ ಅಂತ ಏಳು ದಿನಾನೂ ಇಲ್ಲೇ ಕೂತು ಯೋಚಿಸ್ತೀಯ. ಹೋಗಿ ಕಣ್ಣಾರೆ ನೋಡು, ಕಮ್ಮಿ ಉರಿಯತ್ತೆ,” ಎಂದ. ಅದು ನಿಜವಾಗಿತ್ತು.

ಅವಳು ಮತ್ತೆ ತುಂಬಿದಳು. ಮಾಸ್ಕು, ಕಂಪ್ಯೂಟರು, ತೆಳು ಉಡುಪು, ತನ್ನ ರೆಗ್ಯುಲೇಟರು, ಕಾರ್ಡು. ಬಿಡಿ ಪಟ್ಟಿಗಳ ಡಬ್ಬವನ್ನು ಎರಡು ಸಲ ಒಳಗಿಟ್ಟು ಎರಡು ಸಲ ಹೊರಗಿಟ್ಟಳು. ಕೊನೆಗೆ ಅದು ಹೊರಗೇ ಉಳಿಯಿತು. ಚೀಲ ಎಷ್ಟು ಹಗುರವಾಯಿತೆಂದರೆ ಎತ್ತುವಾಗ ಆಯ ತಪ್ಪಿ ಗೋಡೆಗೆ ತಾಗಿದಳು.

ಹಡಗಿನಲ್ಲಿ ಮೊದಲ ಮೂರು ದಿನ ಎಲ್ಲರೂ ಸೌಜನ್ಯದಿಂದಿದ್ದರು. ಬೈದಾಡಿಕೊಂಡಿದ್ದರೆ ನೆರೇಯ್ದಾಳಿಗೆ ಎಷ್ಟೋ ವಾಸಿ ಅನ್ನಿಸುತ್ತಿತ್ತು. ಊಟದ ಮೇಜಿನಲ್ಲಿ ಅವಿಲ್ದಾ ಉಪ್ಪಿನ ಡಬ್ಬಿಯನ್ನು ‘ತಗೋ ಕೊಮಾಯ್’ ಎಂದು ಕೊಡುತ್ತಿದ್ದಳು. ಮತ್ತೆ ಲಿಸೆಟ್‌ಳ ಕಡೆ ತಿರುಗುತ್ತಿದ್ದಳು.

ಬೊನೈರ್‌ನಲ್ಲಿ ಅವರನ್ನು ನೀರಿಗಿಳಿಸಲು ಬಂದವನು ರುಡ್ಸೆಲ್ ಎಂಬ ಐವತ್ತರ ಗಂಡಸು, ಗಟ್ಟಿ ಭುಜದವನು, ಹಾಸ್ಯದವನು. ಕಾರ್ಡುಗಳನ್ನು ನೋಡಿದ, ಯಾರಿಗೆ ಏನು ತೊಂದರೆಯೆಂದು ಕೇಳಿದ. ಅವಿಲ್ದಾಳ ಕಿವಿಯ ವಿಷಯ ತಿಳಿದ ಮೇಲೆ, “ನೀವು ನನ್ನ ಜೊತೆ ನಿಧಾನಕ್ಕೆ ಇಳೀರಿ. ಇವರಿಬ್ಬರೂ ಒಂದು ಜೋಡಿ,” ಎಂದು ನೆರೇಯ್ದಾಳನ್ನೂ ಲಿಸೆಟ್‌ಳನ್ನೂ ತೋರಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮಾಸ್ಕು ಏರಿಸಿಕೊಂಡರು.

ನೀರಿನೊಳಗೆ ಇಪ್ಪತ್ತು ಅಡಿ ಇಳಿಯುವಷ್ಟರಲ್ಲಿ ಲಿಸೆಟ್ ನೆರೇಯ್ದಾಳ ಮಣಿಕಟ್ಟು ಹಿಡಿದಳು. ಆ ಹಿಡಿತ ಗಟ್ಟಿಯಾಗಿತ್ತು. ಮಾಸ್ಕಿನೊಳಗೆ ಕಣ್ಣುಗಳು ಅರಳಿದ್ದವು, ಉಸಿರಿನ ಗುಳ್ಳೆಗಳು ಒಂದರ ಮೇಲೊಂದು ನುಗ್ಗುತ್ತಿದ್ದವು. ಇವಳಿಗೆ ಹೆದರಿಕೆ, ಆ ಸುಳ್ಳು ಇನ್ನೂ ಇವಳ ತಲೆಯಲ್ಲಿದೆ ಎಂದು ನೆರೇಯ್ದಾಳಿಗೆ ತಿಳಿಯಿತು. ತಾನೇ ಬಿತ್ತಿದ್ದು. ಅವಳು ಅಲ್ಲೇ ನಿಂತು, ಮುಖಕ್ಕೆ ಮುಖ ಕೊಟ್ಟು, ತನ್ನ ಕೈಯನ್ನು ಎದೆಯ ಮುಂದೆ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ ಉಸಿರಾಟದ ಲೆಕ್ಕ ತೋರಿಸಿದಳು. ಲಿಸೆಟ್‌ಳ ಗುಳ್ಳೆಗಳು ಸಾವಕಾಶವಾದವು. ಮಿಕ್ಕ ನಲವತ್ತು ನಿಮಿಷ ಇಬ್ಬರೂ ಕೈ ಬಿಡಲಿಲ್ಲ.

ಮೇಲೆ ಬಂದು ದಡದ ಕಲ್ಲುಗಳ ಮೇಲೆ ಕೂತಾಗ ಲಿಸೆಟ್‌ಳೇ ಮಾತು ತೆಗೆದಳು. “ಆ ರೆಗ್ಯುಲೇಟರ್ ನಾನು ಯಾಕೆ ತಂದ್ಕೊಟ್ಟೆ ಗೊತ್ತಾ? ಅವಿಲ್ದಾ ಬಾಯಿ ಬಿಟ್ರೆ ನಿಮ್ಮ ಹೆಸರೇ. ಕೊಮಾಯ್ ಹಾಗಂದ್ಳು, ಕೊಮಾಯ್ ಹೀಗ್ ಮಾಡಿದ್ಳು. ಹಡಗಿನ ಕೋಣೇಲೂ ಅದೇ ಕಥೆ. ನಂದೂ ಅಂತ ಒಂದಾದ್ರೂ ಅವಳ ಹತ್ರ ಇರ್ಲಿ ಅಂತ ತಂದೆ. ನಂಗೂ ಹೊಟ್ಟೆ ಉರೀತಿತ್ತು ದೋನ್ಯಾ.”

ನೆರೇಯ್ದಾಳಿಗೆ ಮೊದಲು ಖುಷಿಯಾಯಿತು. ಆಮೇಲೆ ಖುಷಿಯಾದದ್ದಕ್ಕೆ ನಾಚಿಕೆಯಾಯಿತು. “ನನ್ನನ್ನೂ ‘ನೀನು’ ಅನ್ನು,” ಎಂದಳು. “ಈ ದೋನ್ಯಾ ಗೀನ್ಯಾ ಎಲ್ಲಾ ಬಿಡು.”

ಅಷ್ಟರಲ್ಲಿ ಅವಿಲ್ದಾ ಮತ್ತು ರುಡ್ಸೆಲ್ ಸೊಂಟದುದ್ದ ನೀರಿನಲ್ಲಿ ಎದ್ದು ನಿಂತರು. ಅವಿಲ್ದಾ ಮಾಸ್ಕನ್ನು ಹಣೆಗೇರಿಸಿ, ಎರಡೂ ಕೈ ಅಗಲಿಸಿ ಯಾವುದೋ ಆಮೆಯ ಗಾತ್ರ ತೋರಿಸುತ್ತ, ಬಿದ್ದು ಬಿದ್ದು ನಗುತ್ತಿದ್ದಳು. ರುಡ್ಸೆಲ್ ಅದಕ್ಕಿಂತಲೂ ಅಗಲಕ್ಕೆ ಕೈ ಚಾಚಿದ. ಅವಳು ಅವನ ಭುಜಕ್ಕೆ ಹೊಡೆದು ಇನ್ನೂ ನಕ್ಕಳು.

“ನನ್ನ ಜೊತೆ ಇಳಿದಾಗ ಇಷ್ಟು ನಕ್ಕಿದ್ದು ನಾನು ನೋಡಿಲ್ಲ,” ಎಂದಳು ಲಿಸೆಟ್.

“ನನ್ನ ಜೊತೆಗೂ ಇಲ್ಲ,” ಎಂದಳು ನೆರೇಯ್ದಾ.

ಇಬ್ಬರೂ ಒಟ್ಟಿಗೆ ಎದ್ದು ನೀರಿಗಿಳಿದರು. ಅವಿಲ್ದಾಳ ಕಾಲಿನ ರೆಕ್ಕೆಗಳನ್ನು ಬಿಚ್ಚಿ ಒಬ್ಬೊಬ್ಬರು ಒಂದೊಂದು ಹಿಡಿದುಕೊಂಡು, ಅವಳ ಎರಡೂ ತೋಳಿಗೆ ಕೈ ಹಾಕಿದರು.

“ಅಯ್ಯೋ, ಬಿಡ್ರೇ ಮಾರಾಯ್ತೀರಾ,” ಎಂದಳು ಅವಿಲ್ದಾ. “ರೆಕ್ಕೆ ರುಡ್ಸೆಲ್ ತರ್ತಾರೆ. ಮಧ್ಯಾಹ್ನಾನೂ ನಾನು ಅವರ ಜೊತೆಗೇ ಇಳಿಯೋದು.”